ನಾಯಿಗೆ ಹೆಸರಿತ್ತು, ಮುಳುಗಿ ಸತ್ತವರಿಗೆ ಇರಲಿಲ್ಲ

ಹಳೇ ಯುದ್ಧದ ಸಿನಿಮಾಗಳನ್ನ ಈಗಿನ ಕಾಲಕ್ಕೆ ತಕ್ಕಂತೆ ಕತ್ತರಿಸಬೇಕೋ ಬೇಡವೋ ಅನ್ನೋ ಜಗಳ ಇಂಗ್ಲೆಂಡ್, ಅಮೆರಿಕದಲ್ಲಿ ಬಹಳ ವರ್ಷಗಳಿಂದ ನಡೀತಾ ಇದೆ. ಒಂದು ಕಡೆಯವರು ಅವಮಾನದ ಮಾತು ತೆಗೀರಿ ಅಂತಾರೆ. ಇನ್ನೊಂದು ಕಡೆಯವರು ಇತಿಹಾಸ ತಿರುಚಬೇಡಿ ಅಂತಾರೆ. ಬಿಳಿಯರ ಸಿನಿಮಾ, ಬಿಳಿಯರ ಜಗಳ, ನಮಗೇನು ಅಂತ ಕೆಲವರು ಕೇಳಬಹುದು. ಆದರೆ ಒಂದು ಜನದ ಹೆಸರು ಹೇಗೆ ಬೈಗುಳ ಆಗುತ್ತೆ, ಯಾರ ಸಾವು ಲೆಕ್ಕಕ್ಕೆ ಬರುತ್ತೆ, ಯಾರದ್ದು ಬರಲ್ಲ ಅನ್ನೋದು ನಮ್ಮ ದಿನನಿತ್ಯದ ಪ್ರಶ್ನೆ. ಅದಕ್ಕೇ ಇಷ್ಟುದ್ದ ಬರೀತಿದೀನಿ. ಪುರುಸೊತ್ತು ಮಾಡ್ಕೊಂಡು ಓದಿ.

ಸಿನಿಮಾದ ಹೆಸರು ‘ದಿ ಡ್ಯಾಮ್ ಬಸ್ಟರ್ಸ್’. 1955ರದ್ದು, ಕಪ್ಪು ಬಿಳುಪು. ನಿರ್ದೇಶಕ ಮೈಕೆಲ್ ಆಂಡರ್ಸನ್. ಬ್ರಿಟಿಷರಿಗೆ ಇದು ಬರೀ ಸಿನಿಮಾ ಅಲ್ಲ, ರಾಷ್ಟ್ರಾಭಿಮಾನದ ಒಂದು ಭಾಗ. ಅದರ ಮೆರವಣಿಗೆ ಸಂಗೀತ ಇವತ್ತಿಗೂ ಫುಟ್‌ಬಾಲ್ ಮೈದಾನಗಳಲ್ಲಿ ಕೇಳುತ್ತೆ.

ಕಥೆ ನಿಜವಾದದ್ದು. 1943ರ ಮೇ 16ರ ರಾತ್ರಿ ಇಂಗ್ಲೆಂಡಿನ ಸ್ಕ್ಯಾಂಪ್ಟನ್ ವಾಯುನೆಲೆಯಿಂದ 19 ಲ್ಯಾಂಕಾಸ್ಟರ್ ವಿಮಾನಗಳು ಹೊರಟವು. ಒಳಗೆ 133 ಜನ. ಜರ್ಮನಿಯ ರೂರ್ ಕೈಗಾರಿಕಾ ಪ್ರದೇಶಕ್ಕೆ ನೀರು, ವಿದ್ಯುತ್ ಕೊಡುವ ಅಣೆಕಟ್ಟುಗಳನ್ನ ಒಡೆಯೋದು ಗುರಿ. ಬಾರ್ನ್ಸ್ ವಾಲಿಸ್ ಅನ್ನೋ ಎಂಜಿನಿಯರ್ ನೀರಿನ ಮೇಲೆ ಪುಟಿಯುತ್ತಾ ಹೋಗಿ ಗೋಡೆಗೆ ತಾಗಿ ಮುಳುಗಿ ಸಿಡಿಯುವ ಬಾಂಬು ಮಾಡಿದ್ದ. ಮಕ್ಕಳು ಕೆರೇಲಿ ಚಪ್ಪಟೆ ಕಲ್ಲು ಎಸೆದು ಕುಪ್ಪಳಿಸ್ತಾರಲ್ಲ, ಹಾಗೆ. ಸುಮಾರು 60 ಅಡಿ ಎತ್ತರದಲ್ಲಿ ಹಾರಿ ಅದನ್ನ ಬಿಡಬೇಕಿತ್ತು. ಮ್ಯೋನೆ ಮತ್ತು ಏಡರ್ ಅಣೆಕಟ್ಟು ಒಡೆದವು. 8 ವಿಮಾನ ವಾಪಸ್ ಬರಲಿಲ್ಲ. 53 ಜನ ವಾಯುಸೈನಿಕರು ಸತ್ತರು, 3 ಜನ ಸೆರೆಯಾದರು. ಅವರ ಧೈರ್ಯದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಎದುರಿಗಿದ್ದವನು ಹಿಟ್ಲರ್.

ಈಗ ನಾಯಿಯ ವಿಷಯ.

ದಾಳಿಯ ನಾಯಕ ಗೈ ಗಿಬ್ಸನ್‌ಗೆ ಒಂದು ಕಪ್ಪು ಲ್ಯಾಬ್ರಡಾರ್ ನಾಯಿ ಇತ್ತು. ಅದಕ್ಕೆ ಅವನು ಇಟ್ಟಿದ್ದ ಹೆಸರು ಕರಿಯರನ್ನ ಹೀಯಾಳಿಸೋ ಆ ಇಂಗ್ಲಿಷ್ ಬೈಗುಳ. ಎನ್ ಅಕ್ಷರದಿಂದ ಶುರುವಾಗೋದು. ನಾನಿಲ್ಲಿ ಬರೆಯಲ್ಲ, ಎಲ್ಲರಿಗೂ ಗೊತ್ತಿದೆ. ದಾಳಿಗೆ ಮುಂಚೆ ಆ ನಾಯಿ ಕಾರಿಗೆ ಸಿಕ್ಕಿ ಸತ್ತಿತು. ಮ್ಯೋನೆ ಅಣೆಕಟ್ಟು ಒಡೆದಾಗ ರೇಡಿಯೋದಲ್ಲಿ ಕಳಿಸಬೇಕಾದ ಸಂಕೇತ ಪದವೂ ಅದೇ. ಸಿನಿಮಾದಲ್ಲಿ ಆ ಪದ ಮತ್ತೆ ಮತ್ತೆ ಬರುತ್ತೆ. ಪ್ರೀತಿಯಿಂದ ಕರೆಯುವಾಗ ಬರುತ್ತೆ, ಗೆಲುವಿನ ಕೂಗಾಗಿಯೂ ಬರುತ್ತೆ.

ಇಲ್ಲಿ ಸ್ವಲ್ಪ ನಿಲ್ಲಿ. ಗಿಬ್ಸನ್ ಆ ನಾಯಿಯನ್ನ ದ್ವೇಷಿಸ್ತಿರಲಿಲ್ಲ, ತುಂಬಾ ಪ್ರೀತಿಸ್ತಿದ್ದ. ಅದಕ್ಕೇ ಬಹಳ ಜನ ‘ಆಗಿನ ಕಾಲದಲ್ಲಿ ಅದು ತಪ್ಪಾಗಿರಲಿಲ್ಲ, ಮುದ್ದಿನ ಹೆಸರು’ ಅಂತ ಸಮರ್ಥನೆ ಕೊಡ್ತಾರೆ. ಯಾರಿಗೆ ತಪ್ಪಾಗಿರಲಿಲ್ಲ? ಅದೇ ಯುದ್ಧದಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದ ಸಾವಿರಾರು ಕರಿಯರು ಅದೇ ಬ್ರಿಟಿಷ್ ವಾಯುಪಡೆಯಲ್ಲಿ ಕೆಲಸ ಮಾಡ್ತಿದ್ದರು. ಅವರನ್ನ ಯಾರಾದರೂ ಕೇಳಿದ್ದರಾ? ನಮ್ಮಲ್ಲೂ ಹೀಗೇ ಅಲ್ವಾ. ನಮ್ಮ ಜಾತಿಯ ಹೆಸರನ್ನ ಗಲೀಜಿಗೆ, ದಡ್ಡತನಕ್ಕೆ, ಕೆಟ್ಟ ರುಚಿಗೆ ಬಳಸೋರು ಕೇಳಿದರೆ ‘ಅಯ್ಯೋ, ಸುಮ್ನೆ ಮಾತಿಗೆ ಅಂದೆ, ನಿಮಗೆ ಅಂದಿದ್ದಲ್ಲ’ ಅಂತಾರೆ. ನಮ್ಮನ್ನ ಉದ್ದೇಶಿಸಿ ಅನ್ನದೇ ಇರೋದೇ ಅದರ ವಿಷ. ನಾವು ಅಲ್ಲಿ ಇದ್ದೀವಿ ಅನ್ನೋ ಪರಿವೆಯೇ ಅವರಿಗೆ ಇರಲ್ಲ.

1999ರಲ್ಲಿ ಬ್ರಿಟನ್ನಿನ ಐಟಿವಿ ಚಾನೆಲ್ ಈ ಸಿನಿಮಾ ಹಾಕಿದಾಗ ಆ ಪದವನ್ನೆಲ್ಲ ಕತ್ತರಿಸಿತು. ಗಲಾಟೆ ಆಯ್ತು. ಯಾರೋ ಕಿರಿಯ ಸಿಬ್ಬಂದಿ ಮಾಡಿದ್ದು ಅಂತ ಜಾರಿಕೊಂಡರು. 2001ರಲ್ಲಿ ಮತ್ತೆ ಕತ್ತರಿಸಿ ಹಾಕಿದರು, ಮತ್ತೆ ಗಲಾಟೆ. ಅಮೆರಿಕದಲ್ಲಿ ಓಡಾಡಿದ ಒಂದು ಪ್ರತಿಯಲ್ಲಿ ನಾಯಿಯ ಹೆಸರು ‘ಟ್ರಿಗರ್’ ಅಂತ ಬದಲಾಗಿದೆ. ಪೀಟರ್ ಜಾಕ್ಸನ್ ಈ ಸಿನಿಮಾವನ್ನ ಹೊಸದಾಗಿ ಮಾಡಲು ಹೊರಟಾಗ ಹೆಸರು ‘ಡಿಗರ್’ ಆಗುತ್ತೆ ಅನ್ನೋ ಸುದ್ದಿ ಬಂತು, ಅದಕ್ಕೂ ಪತ್ರಿಕೆಗಳಲ್ಲಿ ಚರ್ಚೆಯೋ ಚರ್ಚೆ. 2020ರ ಜುಲೈನಲ್ಲಿ ವಾಯುಪಡೆ ಸ್ಕ್ಯಾಂಪ್ಟನ್‌ನಲ್ಲಿದ್ದ ನಾಯಿಯ ಸಮಾಧಿಗಲ್ಲನ್ನೇ ತೆಗೆದು ಹೆಸರಿಲ್ಲದ ಬೇರೆ ಕಲ್ಲು ಇಟ್ಟಿತು. ಪ್ರತಿಸಲವೂ ಒಂದೇ ಕೂಗು: ಇತಿಹಾಸ ಅಳಿಸ್ತಾ ಇದಾರೆ!

ಸರಿ, ಇತಿಹಾಸವನ್ನೇ ನೋಡೋಣ. ಈ ಸಿನಿಮಾ ತಯಾರಾಗುವಾಗಲೇ ಎಷ್ಟು ಕತ್ತರಿ ಬಿದ್ದಿತ್ತು ಅಂತ ಲೆಕ್ಕ ಹಾಕೋಣ.

ಮೊದಲು ಬಾಂಬು. ಸಿನಿಮಾದಲ್ಲಿ ಅದು ಚೆಂಡಿನ ಹಾಗೆ ಗುಂಡಗಿದೆ. ನಿಜವಾದ ಬಾಂಬು ಡ್ರಮ್ಮಿನ ಆಕಾರದ್ದು. ಬೀಳಿಸುವ ಮುಂಚೆ ನಿಮಿಷಕ್ಕೆ 500 ಸುತ್ತು ಹಿಮ್ಮುಖವಾಗಿ ತಿರುಗಿಸ್ತಿದ್ದರು. 1955ರಲ್ಲಿ ಅದು ಇನ್ನೂ ಸರ್ಕಾರಿ ರಹಸ್ಯ. ಹಾಗಾಗಿ ಆಕಾರವನ್ನೇ ಬದಲಾಯಿಸಿದರು. ಇಡೀ ಕಥೆಯ ಜೀವವೇ ಆ ಬಾಂಬು, ಅದೇ ಸುಳ್ಳು. ಎರಡನೇದು ದೀಪಗಳು. ರಾತ್ರಿ ಸರಿಯಾದ ಎತ್ತರ ತಿಳಿಯೋಕೆ ವಿಮಾನದ ಕೆಳಗೆ ಎರಡು ದೀಪ ಹಾಕಿ, ಎರಡೂ ಬೆಳಕು ನೀರಿನ ಮೇಲೆ ಕೂಡೋ ಹಾಗೆ ಮಾಡಿದ್ದರು. ಸಿನಿಮಾದಲ್ಲಿ ಈ ಐಡಿಯಾ ಗಿಬ್ಸನ್‌ಗೆ ನಾಟಕಶಾಲೆಯ ದೀಪ ನೋಡಿ ಹೊಳೆಯುತ್ತೆ. ನಿಜದಲ್ಲಿ ಅದನ್ನ ಸೂಚಿಸಿದ್ದು ವಿಮಾನ ಉತ್ಪಾದನಾ ಸಚಿವಾಲಯದ ಬೆಂಜಮಿನ್ ಲಾಕ್‌ಸ್ಪೈಸರ್ ಅನ್ನೋ ಅಧಿಕಾರಿ. ನಾಯಕನಿಗೆ ಒಂದು ಒಳ್ಳೇ ದೃಶ್ಯ ಬೇಕಿತ್ತು, ಕೊಟ್ಟರು.

ಇದಕ್ಕೆಲ್ಲ ಇತಿಹಾಸ ತಿರುಚಿದರು ಅಂತ ಯಾರೂ ಬೀದಿಗಿಳಿಯಲಿಲ್ಲ. ರಾಜ್ಯದ ರಹಸ್ಯಕ್ಕಾಗಿ ಬದಲಾಯಿಸಿದರೆ ಅದು ಜವಾಬ್ದಾರಿ, ನಾಯಕನಿಗಾಗಿ ಬದಲಾಯಿಸಿದರೆ ಅದು ಕಲೆ, ಕರಿಯರ ಮಾನಕ್ಕಾಗಿ ಒಂದು ಪದ ತೆಗೆದರೆ ಮಾತ್ರ ಅದು ಇತಿಹಾಸದ ಕೊಲೆ!

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಅಣೆಕಟ್ಟು ಒಡೆದ ಮೇಲೆ ನೀರು ಎಲ್ಲಿಗೆ ಹೋಯ್ತು?

ಮ್ಯೋನೆ ಕಣಿವೆಯ ಕೆಳಗೆ ನೇಹೈಮ್ ಅನ್ನೋ ಊರು. ಅಲ್ಲಿ ಜೀತಗಾರರ ಶಿಬಿರ ಇತ್ತು. ನಾಜಿಗಳು ಉಕ್ರೇನ್, ರಷ್ಯಾ, ಪೋಲೆಂಡ್ ಕಡೆಯಿಂದ ಹಿಡಿದು ತಂದು ಕಾರ್ಖಾನೆಗಳಲ್ಲಿ ದುಡಿಸ್ತಿದ್ದ ಹೆಣ್ಣುಮಕ್ಕಳು ಅಲ್ಲಿದ್ದರು. ಮಧ್ಯರಾತ್ರಿ ಕಳೆದ ಮೇಲೆ ಬಂದ ನೀರಿನ ಗೋಡೆ ಮರದ ಆ ಬರಾಕುಗಳನ್ನ ಎತ್ತಿಕೊಂಡು ಹೋಯ್ತು. ನೂರಾರು ಹೆಂಗಸರು ಸತ್ತರು. ಇಡೀ ದಾಳಿಯ ಪ್ರವಾಹದಲ್ಲಿ ಸತ್ತವರು 1,300ಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಜರ್ಮನ್ನರೇ ಅಲ್ಲ, ಜೀತಗಾರರು ಮತ್ತು ಯುದ್ಧಕೈದಿಗಳು. ಅಂದರೆ ಹಿಟ್ಲರನ ಗುಲಾಮರು. ಯಾರನ್ನ ಬಿಡಿಸೋಕೆ ಯುದ್ಧ ಅಂತ ಹೇಳಿದರೋ ಅವರೇ ಮುಳುಗಿದರು.

ಸೋವಿಯತ್ ಪ್ರದೇಶಗಳಿಂದ ತಂದ ಜೀತಗಾರರ ಎದೆಯ ಮೇಲೆ ನಾಜಿಗಳು ‘ಓಸ್ಟ್’ ಅಂತ ಬರೆದ ಬಟ್ಟೆಯ ತುಂಡು ಹೊಲಿಸ್ತಿದ್ದರು. ಓಸ್ಟ್ ಅಂದರೆ ಪೂರ್ವ. ಹೆಸರಿಲ್ಲ, ಬರೀ ದಿಕ್ಕು. ‘ನಿಮ್ಮ ಮನೆ ಊರಿನ ಯಾವ ಕಡೆ?’ ಅಂತ ಕೇಳಿ ಜಾತಿ ಪತ್ತೆ ಹಚ್ಚೋ ದೇಶದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಸಿನಿಮಾದಲ್ಲಿ ಪ್ರವಾಹ ಇದೆ, ನೀರು ಕಾರ್ಖಾನೆಗೆ ನುಗ್ಗೋ ದೃಶ್ಯ ಇದೆ. ಈ ಹೆಂಗಸರು ಮಾತ್ರ ಎಲ್ಲೂ ಇಲ್ಲ. ಕೊನೆಯಲ್ಲಿ ವಾಲಿಸ್ 56 ವಾಯುಸೈನಿಕರನ್ನ ಕಳಕೊಂಡೆವಲ್ಲ ಅಂತ ಸಂಕಟಪಡ್ತಾನೆ. ಆ ದೃಶ್ಯ ಚೆನ್ನಾಗಿಯೇ ಇದೆ, ಕಣ್ಣು ಒದ್ದೆಯಾಗುತ್ತೆ. ಆದರೆ ಆ ದುಃಖದ ಲೆಕ್ಕ 56ಕ್ಕೇ ನಿಂತುಬಿಡುತ್ತೆ. ನಾಯಿಯ ಸಾವಿಗೆ ಒಂದು ದೃಶ್ಯ ಇದೆ, ಗುಂಡಿ ಇದೆ, ದುಃಖ ಇದೆ. ನೇಹೈಮ್‌ನ ಹೆಣ್ಣುಮಕ್ಕಳಿಗೆ ಒಂದು ಫ್ರೇಮೂ ಇಲ್ಲ.

ಇದು ನೆನಪಿರಲಿ: 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲ ಪ್ರೋಟೋಕಾಲ್‌ನಲ್ಲಿ, ಒಡೆದರೆ ನಾಗರಿಕರಿಗೆ ಭಾರೀ ಸಾವುನೋವಾಗುವ ಅಣೆಕಟ್ಟುಗಳ ಮೇಲೆ ದಾಳಿ ಮಾಡಬಾರದು ಅಂತ ಬರೆದರು. ಜಗತ್ತಿನ ಕಾನೂನು ಬದಲಾಯ್ತು. ಸಿನಿಮಾದ ಬಗ್ಗೆ ಜಗಳ ಮಾತ್ರ ಇನ್ನೂ ನಾಯಿಯ ಹೆಸರಿನ ಸುತ್ತಲೇ ಸುತ್ತುತ್ತಿದೆ.

ಹಾಗಾದರೆ ಪದ ತೆಗೆದುಬಿಟ್ಟರೆ ನ್ಯಾಯ ಸಿಗುತ್ತಾ? ಇದಕ್ಕೆ ಉತ್ತರ ಇನ್ನೊಂದು ಸಿನಿಮಾದಲ್ಲಿದೆ. ಅಮೆರಿಕದ ಅಂತರ್ಯುದ್ಧದ ಕಥೆ ಹೇಳೋ ‘ಗಾನ್ ವಿತ್ ದಿ ವಿಂಡ್’, 1939ರದ್ದು. ಮೂಲ ಕಾದಂಬರಿಯಲ್ಲಿ ಅದೇ ಬೈಗುಳ ಬೇಕಾದಷ್ಟಿದೆ. ಸಿನಿಮಾ ಮಾಡುವಾಗ ಕರಿಯರ ಪತ್ರಿಕೆಗಳು, ಸಂಘಟನೆಗಳು ವಿರೋಧಿಸಿದವು. ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ಪದವನ್ನ ತೆಗೆದ. ಕಾದಂಬರಿಯಲ್ಲಿದ್ದ ಕು ಕ್ಲಕ್ಸ್ ಕ್ಲಾನ್ ಹೆಸರನ್ನೂ ತೆಗೆದ. ಆದರೆ ಆ ಗಂಡಸರು ರಾತ್ರಿ ಹೋಗಿ ಮಾಡಿಬರೋ ಕೆಲಸ ಸಿನಿಮಾದಲ್ಲಿ ಹಾಗೇ ಇದೆ, ಶೌರ್ಯದ ಹಾಗೆ ಇದೆ. ಗುಲಾಮರು ಯಜಮಾನರನ್ನ ಪ್ರೀತಿಸ್ತಾ ಸುಖವಾಗಿದ್ದರು ಅನ್ನೋ ಸುಳ್ಳೂ ಹಾಗೇ ಇದೆ. ಕೆಟ್ಟ ಹೆಸರು ಹೋಯ್ತು, ಕೆಟ್ಟ ಕಥೆ ಉಳೀತು.

ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ ಆದಾಗ ಅದರಲ್ಲಿ ನಟಿಸಿದ್ದ ಹ್ಯಾಟಿ ಮ್ಯಾಕ್‌ಡೇನಿಯಲ್‌ಗೆ ಪ್ರವೇಶ ಇರಲಿಲ್ಲ, ಕರಿಯಳು ಅಂತ. 1940ರಲ್ಲಿ ಆಸ್ಕರ್ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್ ಆಕೆ. ಆ ಸಮಾರಂಭದಲ್ಲೂ ಆಕೆಗೆ ಬೇರೆ ಮೇಜು. ಅಟ್ಲಾಂಟಾದ ಸಂಭ್ರಮದಲ್ಲಿ ಚರ್ಚಿನ ಗಾಯನ ತಂಡಕ್ಕೆ ಗುಲಾಮರ ವೇಷ ಹಾಕಿಸಿ ಹಾಡಿಸಿದರು. ಆ ತಂಡದಲ್ಲಿ 10 ವರ್ಷದ ಒಬ್ಬ ಹುಡುಗ ಇದ್ದ. ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್.

2020ರಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾದ ಮೇಲೆ ಎಚ್‌ಬಿಓ ಮ್ಯಾಕ್ಸ್ ಈ ಸಿನಿಮಾವನ್ನ ಕೆಲವು ದಿನ ತೆಗೆದಿಟ್ಟು, ಅದೇ ಜೂನ್‌ನಲ್ಲಿ ವಾಪಸ್ ಹಾಕಿತು. ಒಂದು ಫ್ರೇಮೂ ಕತ್ತರಿಸಲಿಲ್ಲ. ಬದಲಿಗೆ ಶುರುವಿನಲ್ಲಿ ಜಾಕ್ವೆಲಿನ್ ಸ್ಟೀವರ್ಟ್ ಅನ್ನೋ ಕರಿಯ ವಿದ್ವಾಂಸೆಯ ಮಾತು ಸೇರಿಸಿತು. ಈ ಸಿನಿಮಾ ಏನನ್ನ ಮುಚ್ಚಿಡುತ್ತೆ, ಯಾಕೆ ಆದರೂ ನೋಡಬೇಕು ಅಂತ ಆಕೆ ಹೇಳ್ತಾರೆ. ನನಗೆ ಸರಿ ಅನಿಸೋದು ಈ ದಾರಿ. ಯಾಕಂದ್ರೆ ಇಲ್ಲಿ ಕತ್ತರಿ ಹಿಡಿದವರು ಯಾರೋ ಟೀವಿ ಮಾಲೀಕರಲ್ಲ, ಮಾತಾಡಿದವರು ಆ ಕಥೆಯಲ್ಲಿ ಬಾಯಿ ಇಲ್ಲದೆ ನಿಂತಿದ್ದವರ ವಾರಸುದಾರರು.

ನಮ್ಮ ದಲಿತ ಸಾಹಿತ್ಯವೂ ಇದೇ ಮಾಡಿದೆ. ನಮಗೆ ಅಂದ ಬೈಗುಳಗಳನ್ನ ನಮ್ಮ ಲೇಖಕರು ಅಳಿಸಲಿಲ್ಲ, ಪುಟದ ಮೇಲೆ ತಂದು ಸಾಕ್ಷಿ ಹೇಳಿಸಿದರು. ಅದೇ ಪದ ಮೇಲ್ಜಾತಿ ಹೀರೋನ ಬಾಯಲ್ಲಿ ನಗೆಗಾಗಿ ಬಂದರೆ ಅವಮಾನ, ನಮ್ಮ ಆತ್ಮಕಥೆಯಲ್ಲಿ ಬಂದರೆ ದಾಖಲೆ. ಹಾಗಾಗಿ ಪದ ಇರಬೇಕೋ ಬೇಡವೋ ಅನ್ನೋದಕ್ಕಿಂತ, ಯಾರ ಬಾಯಿಂದ, ಯಾರ ಎದುರಿಗೆ, ಯಾರ ಖುಷಿಗೆ ಅಂತ ಕೇಳಬೇಕು.

ಬರೀ ಪದ ಬದಲಾಯಿಸೋರ ಉತ್ಸಾಹ ನಮಗೆ ಹೊಸದೇನಲ್ಲ. 2020ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಜಾತಿ ಹೆಸರಿನ ಬಡಾವಣೆಗಳಿಗೆಲ್ಲ ಬೇರೆ ಹೆಸರಿಡೋ ತೀರ್ಮಾನ ಮಾಡಿತು. ನಮ್ಮ ಕಡೆಯೂ ಎಷ್ಟೋ ಕೇರಿಗಳ ಬೋರ್ಡು ಬದಲಾಗಿದೆ. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಬೋರ್ಡು ಬದಲಾದ ಕೇರಿಗೆ ಚರಂಡಿ ಬಂತಾ, ಸ್ಮಶಾನಕ್ಕೆ ಜಾಗ ಸಿಕ್ತಾ, ದೇವಸ್ಥಾನದ ಬಾಗಿಲು ತೆರೀತಾ? ಹೆಸರು ತಿದ್ದಿ ಕೈ ತೊಳಕೊಳ್ಳೋದು ತುಂಬಾ ಅಗ್ಗದ ಕೆಲಸ.

ಯುದ್ಧದ ಕಥೆಯಲ್ಲಿ ಹೆಸರು ಉಳಿಯೋದರ ಬೆಲೆ ನಮಗೆ ಚೆನ್ನಾಗಿ ಗೊತ್ತು. ಭೀಮಾ ಕೋರೆಗಾಂವ್‌ನ ಸ್ತಂಭದ ಮೇಲೆ 22 ಮಹಾರ್ ಸೈನಿಕರ ಹೆಸರಿದೆ. ಅದನ್ನ ಕೆತ್ತಿಸಿದ್ದು ಬ್ರಿಟಿಷರು, ತಮ್ಮ ಗೆಲುವಿನ ಹೆಮ್ಮೆಗೆ. ಅದೇ ಬ್ರಿಟಿಷರು 1890ರ ದಶಕದಲ್ಲಿ ‘ಸಮರ ಜಾತಿ’ ಸಿದ್ಧಾಂತ ಹಿಡಿದು ಮಹಾರರನ್ನ ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನೇ ನಿಲ್ಲಿಸಿದರು. 1927ರ ಜನವರಿ 1ರಂದು ಬಾಬಾಸಾಹೇಬರು ಆ ಕಲ್ಲಿನ ಮುಂದೆ ಹೋಗಿ ನಿಂತರು. ಕೆತ್ತಿದ ಹೆಸರು ಇದ್ದಿದ್ದಕ್ಕೆ ಕೇಳೋಕೆ ಒಂದು ಆಧಾರ ಸಿಕ್ತು. ಕೊನೆಗೆ 1941ರಲ್ಲಿ ಮಹಾರ್ ರೆಜಿಮೆಂಟ್ ಶುರುವಾಯ್ತು, ಅದೂ ನಮ್ಮ ಬೆಳಗಾವಿಯಲ್ಲಿ. ಕಲ್ಲಿನ ಮೇಲಿನ ಹೆಸರು ನೂರು ವರ್ಷ ಆದಮೇಲೂ ಸಾಕ್ಷಿ ಹೇಳುತ್ತೆ. ಹೆಸರೇ ಇಲ್ಲದವರ ಪರವಾಗಿ ಯಾರು ಸಾಕ್ಷಿ ಹೇಳಬೇಕು?

ಅದಕ್ಕೆ ಗೆಳೆಯರೇ, ಹಳೇ ಸಿನಿಮಾದ ಒಂದು ಪದ ತೆಗೆದರು ಅಂತ ಯಾರಾದರೂ ಇತಿಹಾಸದ ಹೆಸರಲ್ಲಿ ಬೊಬ್ಬೆ ಹೊಡೆದರೆ, ಅವರನ್ನ ನೇಹೈಮ್ ಬಗ್ಗೆ ಕೇಳಿ. ಪದ ತೆಗೆದೆವು, ನಮ್ಮ ಕೆಲಸ ಮುಗೀತು ಅಂತ ಯಾರಾದರೂ ಬೀಗಿದರೆ, ಅವರನ್ನೂ ಅದೇ ಕೇಳಿ. ನಾಯಿಯ ಹೆಸರಿಗಾಗಿ ಇಷ್ಟು ವರ್ಷ ಕಿತ್ತಾಡಿದವರಲ್ಲಿ ಎಷ್ಟು ಜನಕ್ಕೆ ಆ ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರಾದರೂ ಗೊತ್ತು?

ಜೈ ಭೀಮ್.