ಜಾಲಿ ಚಕ್ಕೆಗೆ ಅಂಟಿದ ಅಪವಾದ

ಬೈಲಹೊಂಗಲ, ಸವದತ್ತಿ ಕಡೆ ಕಳ್ಳಭಟ್ಟಿ ಸಾರಾಯಿಯ ಮಾತು ತೆಗೆದರೆ ಜಾಲಿ ಚಕ್ಕೆಯ ಹೆಸರೂ ಬರುತ್ತದೆ. ತಲೆ ಕೆಡಿಸುವುದೇ ಆ ತೊಗಟೆ ಎನ್ನುವವರಿದ್ದಾರೆ. ಬಿಳಿಜಾಲಿಗೆ ದಖನಿಯಲ್ಲಿ ‘ಶರಾಬ್ ಕಿ ಕೀಕರ್’ ಅಂತಲೇ ಹೆಸರು. ಆದರೆ ಅಮಲು ಬರುವುದು ಬೆಲ್ಲ ಹುಳಿತು ಹುಟ್ಟುವ ಮದ್ಯಸಾರದಿಂದ. ತೊಗಟೆಯ ಒಗರು ಕೊಳೆಯ ಕಲ್ಮಶವನ್ನು ತಳಕ್ಕಿಳಿಸುತ್ತದೆ, ಅಷ್ಟೇ.

ಯುರೋಪಿನಲ್ಲೂ ಹೀಗೇ ಆಗಿತ್ತು. ನಮ್ಮ ದವನದ ಬಳಗಕ್ಕೆ ಸೇರಿದ ಒಂದು ಕಹಿ ಗಿಡದಿಂದ ಅಬ್ಸಿಂತ್ ಎಂಬ ಮದ್ಯ ಮಾಡುತ್ತಿದ್ದರು. 1905ರಲ್ಲಿ ಸ್ವಿಟ್ಜರ್ಲೆಂಡಿನ ಒಬ್ಬ ಕೂಲಿಕಾರ ಹೆಂಡತಿ, ಮಕ್ಕಳನ್ನು ಕೊಂದ. ಅವತ್ತು ಅವನು ಲೀಟರುಗಟ್ಟಲೆ ದ್ರಾಕ್ಷಿ ಮದ್ಯ ಕುಡಿದಿದ್ದ. ಆದರೂ ದೂರು ಬಂದದ್ದು ಅಬ್ಸಿಂತ್ ಮೇಲೆ. 1910ರಲ್ಲಿ ಅಲ್ಲಿ, 1915ರಲ್ಲಿ ಫ್ರಾನ್ಸಿನಲ್ಲಿ ಅದನ್ನು ನಿಷೇಧಿಸಿದರು.

ನಮ್ಮಲ್ಲಿ ಭಟ್ಟಿಗೆ ‘ಕಳ್ಳ’ ಎಂಬ ಹೆಸರು ಕೊಟ್ಟದ್ದು ಕಾನೂನು. ಬೈಲಹೊಂಗಲ, ಕಿತ್ತೂರು, ಸವದತ್ತಿ ಮುಂಬಯಿ ಪ್ರಾಂತದಲ್ಲಿದ್ದವು. 1878ರ ಮುಂಬಯಿ ಅಬಕಾರಿ ಕಾಯ್ದೆ ಬಂದ ಮೇಲೆ ಪರವಾನಗಿ ಇಲ್ಲದೆ ಮಡಕೆ ಇಟ್ಟರೆ ಅಪರಾಧ, ಪರವಾನಗಿ ಇದ್ದವನದು ವ್ಯಾಪಾರ. ಕುಡಿತ ತಪ್ಪಲಿಲ್ಲ, ಸರಕಾರದ ಖಜಾನೆ ತುಂಬಿತು. ರಾಮದುರ್ಗ ಬೇರೆ ಸಂಸ್ಥಾನ. 1948ರಲ್ಲಿ ಅದು ವಿಲೀನವಾದ ಮೇಲೆ 1949ರ ಪಾನನಿರೋಧ ಕಾಯ್ದೆ ಎಲ್ಲರಿಗೂ ಒಂದೇ ಆಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1967ರಲ್ಲಿ ಪಾನನಿರೋಧ ತೆಗೆದರು, ಸಾರಾಯಿ ಮತ್ತೆ ಸರಕಾರದ ಆದಾಯವಾಯಿತು. ಪಾಪವೂ ಆದಾಯವೂ ಒಂದೇ ಮಡಕೆಯಲ್ಲಿ ಕುದಿಯುತ್ತಿದ್ದ ಕಾಲವದು!

ಇನ್ನು ಸಾವಿನ ಮಾತು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಕಳ್ಳ ಸಾರಾಯಿ ಕುಡಿದು ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಮರುವರ್ಷ ಮೇ ತಿಂಗಳಲ್ಲೇ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಕಡೆ ನೂರೈವತ್ತಕ್ಕೂ ಹೆಚ್ಚು ಮಂದಿ ಹೋದರು. ಎರಡೂ ಸಲ ಕೊಂದದ್ದು ಕಾರ್ಖಾನೆಯ ಮಿಥೈಲ್ ಆಲ್ಕೋಹಾಲ್. ಅದಕ್ಕೂ ಜಾಲಿಗೂ ಸಂಬಂಧವಿಲ್ಲ.

ಹಾಗಂತ ನಾವು ಭಟ್ಟಿಯ ಪರ ವಕಾಲತ್ತು ಹಾಕುತ್ತಿಲ್ಲ. ಕೂಲಿಯ ದುಡ್ಡು ಮನೆ ಮುಟ್ಟದಿದ್ದರೆ ಹೆಣ್ಣುಮಕ್ಕಳಿಗೆ ಯಾವ ಮದ್ಯವಾದರೇನು? 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅವರು ಕೇಳಿದ್ದು ಸಂಪೂರ್ಣ ಮದ್ಯ ನಿಷೇಧ. ಸರಕಾರದ ಲೇಬಲ್ ಅಂಟಿದ ಪಾಕೀಟೂ ಅದರಲ್ಲಿ ಸೇರಿತ್ತು.