ಮನೆಯೊಳಗಿನ ಗಿಡ: ಎಲೆ ಕೀಳುವ ಮುನ್ನ

ಹುಬ್ಬಳ್ಳಿ-ಧಾರವಾಡ: ಎಲೆ ಕಿತ್ತಷ್ಟೂ ಗಿಡ ಚಿಗುರುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಗಿಡ ಕವಲೊಡೆಯುವುದು ಎಲೆ ಕಿತ್ತದ್ದರಿಂದಲ್ಲ, ತುದಿ ಚಿವುಟಿದ್ದರಿಂದ. ತುದಿಮೊಗ್ಗಿನಲ್ಲಿ ಉತ್ಪತ್ತಿಯಾಗುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ತಡೆಹಿಡಿದಿರುತ್ತದೆ. ತುದಿ ಹೋದ ಮೇಲೆ ಅವು ಚಿಗುರುತ್ತವೆ. ತುಳಸಿಯ ಕದಿರು ಚಿವುಟುವ ಹಿರಿಯರ ರೂಢಿಯ ಗುಟ್ಟೂ ಇದೇ.

ಹಸಿರೆಲೆಯಾದರೋ ಗಿಡಕ್ಕೆ ಆಹಾರ ತಯಾರಿಸುವ ಅಂಗ. ಮುಂಗಾರಿನ ಮೋಡ ಕವಿದು ಕಿಟಕಿಯ ಬೆಳಕು ಕುಗ್ಗುವ ತಿಂಗಳುಗಳಲ್ಲಿ ಅದನ್ನು ಕೀಳುವುದು ಗಿಡದ ತುತ್ತು ಕಸಿದಂತೆ.

1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಸವಣೂರು ವೀಳ್ಯದೆಲೆಗೆ ಹೆಸರುವಾಸಿ. ಎಲೆಯೇ ಫಸಲಾದ ವೀಳ್ಯದ ಬಳ್ಳಿಯಲ್ಲೂ ಕೊಯ್ಯುವುದು ಕೆಳಗಿನ ಬಲಿತ ಎಲೆಗಳನ್ನೇ. ತುದಿಯ ಎಳೆಯ ಎಲೆಗಳನ್ನು ಬಳ್ಳಿಗೇ ಬಿಡಲಾಗುತ್ತದೆ. ಕುಂಡದ ಬಳ್ಳಿಗೂ ಇದೇ ಕ್ರಮ ಸಾಕು.

ಹಳದಿಯಾದ ಹಳೆಯ ಎಲೆಯನ್ನೂ ಅವಸರದಿಂದ ಕೀಳಬೇಕಿಲ್ಲ. ಗಿಡವು ಅದರಲ್ಲಿನ ಸಾರಜನಕ, ಮೆಗ್ನೀಸಿಯಂಗಳನ್ನು ಹಿಂಪಡೆದು ಚಿಗುರಿಗೆ ಸಾಗಿಸುತ್ತಿರುತ್ತದೆ. ನೀರು ಹೆಚ್ಚಾಗಿದೆಯೇ, ಗೊಬ್ಬರ ಸಾಲದೇ ಎಂದು ಮೊದಲು ಪರೀಕ್ಷಿಸುವುದು ಲೇಸು. ಬೂದಿರೋಗ, ಎಲೆಚುಕ್ಕೆ ರೋಗ ತಗುಲಿದ ಎಲೆಗಳನ್ನು ಮಾತ್ರ ತಡಮಾಡದೆ ತೆಗೆದು ದೂರ ಎಸೆಯಬೇಕು. ಬಳಸಿದ ಕತ್ತರಿಯನ್ನು ಮತ್ತೊಂದು ಗಿಡಕ್ಕೆ ಮುಟ್ಟಿಸುವ ಮುನ್ನ ಸ್ಪಿರಿಟ್‌ನಿಂದ ಒರೆಸಬೇಕು.