ಕ್ಯಾಲ್ವಿನ್ ಚಕ್ರದಲ್ಲಿ ಕಾಣದ ಹೆಸರುಗಳು

ಹಸಿರೆಲೆ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುವ ದಾರಿಯನ್ನು ಪಠ್ಯಪುಸ್ತಕಗಳು ಕ್ಯಾಲ್ವಿನ್ ಚಕ್ರ ಎನ್ನುತ್ತವೆ. ಅದಕ್ಕಾಗಿ 1961ರ ನೊಬೆಲ್ ಬಂದದ್ದೂ ಮೆಲ್ವಿನ್ ಕ್ಯಾಲ್ವಿನ್ ಒಬ್ಬರಿಗೇ. ಆದರೆ ಅಮೆರಿಕದ ಬರ್ಕ್ಲಿಯಲ್ಲಿ ನಡೆದ ಕೆಲಸವನ್ನು ಮೊದಲಿಂದ ನೋಡುತ್ತಾ ಬಂದರೆ, ಈ ಶ್ರೇಯಸ್ಸು ಒಬ್ಬರಿಗೇ ಸಲ್ಲುವಂಥದ್ದಲ್ಲ ಎಂಬುದು ಸ್ಪಷ್ಟವಾಗುತ್ತದೆ. ಅಲ್ಲಿನ ವಿಜ್ಞಾನಿಗಳಾದ ಸ್ಯಾಮ್ ರೂಬೆನ್ ಮತ್ತು ಮಾರ್ಟಿನ್ ಕೇಮನ್ ಮೊದಲು ವಿಕಿರಣಶೀಲ ಇಂಗಾಲ-11ನ್ನು ಗಿಡಕ್ಕೆ ಕೊಟ್ಟು ಅದರ ಜಾಡು ಹಿಡಿಯಲು ಹೊರಟಿದ್ದರು. ಅದರ ಅರ್ಧಾಯುಷ್ಯ ಸುಮಾರು 20 ನಿಮಿಷ; ಪರೀಕ್ಷೆ ಮುಗಿಯುವಷ್ಟರಲ್ಲಿ ಗುರುತೇ ಮಾಸಿಹೋಗುತ್ತಿತ್ತು. 1940ರಲ್ಲಿ ಅವರೇ ಇಂಗಾಲ-14ನ್ನು ಕಂಡುಹಿಡಿದರು. ಅದು ಸಾವಿರಾರು ವರ್ಷ ಉಳಿಯುತ್ತದೆ. 1943ರಲ್ಲಿ ಪ್ರಯೋಗಾಲಯದ ಅವಘಡದಲ್ಲಿ ಫಾಸ್ಜೀನ್ ಅನಿಲ ಸೇವಿಸಿ ರೂಬೆನ್ ತೀರಿಕೊಂಡರು. ಮರುವರ್ಷ ಕೇಮನ್‌ರನ್ನು ಕೆಲಸದಿಂದ ತೆಗೆದುಹಾಕಲಾಯಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲ್ವಿನ್ ಹೊಸ ತಂಡ ಕಟ್ಟಿದರು. ರೂಬೆನ್ ಜೊತೆ ಹಿಂದೆ ದುಡಿದಿದ್ದ ಆಂಡ್ರ್ಯೂ ಬೆನ್ಸನ್ ಅದಕ್ಕೆ ಬಂದರು. ಚಪ್ಪಟೆಯಾದ ಗಾಜಿನ ಪಾತ್ರೆಯೊಂದರಲ್ಲಿ ಕ್ಲೋರೆಲ್ಲಾ ಎಂಬ ಪಾಚಿ, ಎರಡೂ ಬದಿಗೆ ದೀಪ. ಇಂಗಾಲ-14 ಬೆರೆಸಿ ಕೆಲವೇ ಸೆಕೆಂಡಿಗೆ ಕೆಳಗಿನ ನಲ್ಲಿ ತಿರುಗಿಸಿದರೆ ಪಾಚಿ ಬಿಸಿ ಆಲ್ಕೋಹಾಲಿಗೆ ಬಿದ್ದು ಅಲ್ಲೇ ಸಾಯುತ್ತಿತ್ತು. ಅದರ ಸಾರವನ್ನು ಕಾಗದದ ಮೇಲೆ ಹರಿಸಿ ಬೇರ್ಪಡಿಸಿ, ಎಕ್ಸ್‌ರೇ ಫಿಲ್ಮನ್ನು ಒತ್ತಿಟ್ಟರೆ ವಿಕಿರಣವಿದ್ದಲ್ಲೆಲ್ಲ ಕಪ್ಪು ಕಲೆ ಮೂಡುತ್ತಿತ್ತು. ಅತಿ ಕಡಿಮೆ ಸಮಯದ ಪ್ರಯೋಗಗಳಲ್ಲಿ ಎದ್ದು ಕಂಡ ಕಲೆ ಮೂರು ಇಂಗಾಲದ ಫಾಸ್ಫೋಗ್ಲಿಸರಿಕ್ ಆಮ್ಲದ್ದು. ಹಾಗಾದರೆ ಎರಡು ಇಂಗಾಲದ ಯಾವುದೋ ಅಣು ಡೈಆಕ್ಸೈಡನ್ನು ಹಿಡಿಯುತ್ತಿರಬೇಕೆಂದು ಹುಡುಕಿದರು, ಅದು ಸಿಗಲಿಲ್ಲ. ಡೈಆಕ್ಸೈಡನ್ನು ಹಿಡಿಯುತ್ತಿದ್ದದ್ದು ಐದು ಇಂಗಾಲದ ರಿಬುಲೋಸ್ ಬಿಸ್‌ಫಾಸ್ಫೇಟ್. ಆ ಸಕ್ಕರೆಯನ್ನು ಗುರುತಿಸಿದ್ದು ಬೆನ್ಸನ್. ದೀಪ ಆರಿಸಿದರೆ ಅದು ಕರಗಿಹೋಗಿ ಆಮ್ಲ ಹೆಚ್ಚುತ್ತಿತ್ತು; ಡೈಆಕ್ಸೈಡ್ ಕಡಿಮೆ ಮಾಡಿದರೆ ಆ ಸಕ್ಕರೆಯೇ ಶೇಖರವಾಗುತ್ತಿತ್ತು. ಇದು ಚಕ್ರವೇ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಆ ಆಮ್ಲದಿಂದ ತಯಾರಾಗುವ ಪ್ರತಿ ಆರು ಮೂರಿಂಗಾಲದ ಸಕ್ಕರೆಗಳಲ್ಲಿ ಐದು ಮತ್ತೆ ರಿಬುಲೋಸ್ ಬಿಸ್‌ಫಾಸ್ಫೇಟ್ ಆಗಲು ಹಿಂದಿರುಗುತ್ತವೆ. ಗಿಡದ ಪಾಲಿಗೆ ಉಳಿಯುವುದು ಒಂದೇ.

ತಂಡ ಕಟ್ಟಿದ್ದು, ಹಣ ಹೊಂದಿಸಿದ್ದು, ಬಿಡಿ ಸುಳಿವುಗಳನ್ನು ಹೆಣೆದು ಚಕ್ರವಾಗಿ ಕಂಡದ್ದು ಕ್ಯಾಲ್ವಿನ್ ಅಲ್ಲವೇ ಎಂದು ಕೇಳಬಹುದು. ಹೌದು, ಅದು ಸಣ್ಣ ಕೆಲಸವಲ್ಲ. ಆದರೆ ಹೆಣೆಯಲು ಸಿಕ್ಕ ಎಳೆಗಳು ಬೆನ್ಸನ್ ಮತ್ತು ಅದೇ ತಂಡದ ಜೇಮ್ಸ್ ಬ್ಯಾಶಮ್ ಅವರ ಕೈಯಿಂದ ಬಂದವು. 1954ರ ಮುಖ್ಯ ಪ್ರಬಂಧದಲ್ಲಿ ಮೊದಲ ಹೆಸರು ಬ್ಯಾಶಮ್, ಎರಡನೆಯದು ಬೆನ್ಸನ್. ಕ್ಯಾಲ್ವಿನ್ ಹೆಸರು ಕೊನೆಯಲ್ಲಿದೆ. ನೊಬೆಲ್ ನಿಯಮ ಅಡ್ಡ ಬಂತು ಎನ್ನುವಂತೆಯೂ ಇಲ್ಲ, ಮೂವರು ಹಂಚಿಕೊಳ್ಳಲು ಅದರಲ್ಲಿ ಅವಕಾಶವಿದೆ. ಈಗ ಹಲವು ಗ್ರಂಥಗಳು ಕ್ಯಾಲ್ವಿನ್-ಬೆನ್ಸನ್-ಬ್ಯಾಶಮ್ ಚಕ್ರ ಎಂದೇ ಅಚ್ಚು ಹಾಕುತ್ತಿವೆ. ನಮ್ಮ ಶಾಲಾ ಪುಸ್ತಕಗಳೂ ಹಾಗೇ ಬರೆಯಲಿ, ರೂಬೆನ್ ಮತ್ತು ಕೇಮನ್‌ಗೂ ಒಂದು ಸಾಲು ಕೊಡಲಿ.